ಬುದ್ಧನ ಶೂನ್ಯ, ಕ್ರಿಸ್ತನ ವಾಕ್ಯ, ಶರಣರ ಬಯಲು



ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ 1397ನೆಯ ಇಸವಿಯ ಒಂದು ಶಾಸನವಿದೆ. ವಿಜಯನಗರದ ಎರಡನೆಯ ಹರಿಹರರಾಯನ ದಂಡನಾಥನಾಗಿದ್ದ ಗುಂಡನು, ದಾಳಿಯಲ್ಲಿ ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ಮರಳಿ ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಆದರೆ ನಾಡಿನ ವಿದ್ವಾಂಸರು ಆ ಶಾಸನವನ್ನು ನೆನೆಯುವುದು ಗೋಪುರಕ್ಕಾಗಿ ಅಲ್ಲ, ಅದರಲ್ಲಿರುವ ಒಂದು ಸಂಸ್ಕೃತ ಶ್ಲೋಕಕ್ಕಾಗಿ. ಆರು ಮತಗಳವರು ಆರು ಹೆಸರುಗಳಿಂದ ಉಪಾಸಿಸುವ ತತ್ತ್ವವು ಒಂದೇ ಎಂಬುದು ಆ ಶ್ಲೋಕದ ತಾತ್ಪರ್ಯ. ಶಿವ, ಬ್ರಹ್ಮ, ಬುದ್ಧ, ಕರ್ತ, ಅರ್ಹಂತ, ಕರ್ಮ ಎಂದು ಹೆಸರುಗಳ ಮಾಲೆ ಸಾಗಿ, ಕೊನೆಗೆ ಆ ಒಂದು ತತ್ತ್ವವೇ ಬೇಲೂರಿನ ಕೇಶವನೆಂದು ಮಂಗಳವಾಗುತ್ತದೆ. ಶ್ಲೋಕವು ಶಾಸನಕವಿಯ ಸ್ವಂತದ್ದಲ್ಲ; ಹನುಮನ್ನಾಟಕದಲ್ಲಿಯೂ ಅಲ್ಪ ಪಾಠಭೇದದೊಡನೆ ದೊರೆಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಇನ್ನೊಂದು ಸಾಲನ್ನು ಸೇರಿಸಿ, ಕ್ರೈಸ್ತರ ಕ್ರಿಸ್ತನನ್ನೂ ಮುಸಲ್ಮಾನರ ಅಲ್ಲಾಹನನ್ನೂ ಆ ಮಾಲೆಯೊಳಗೆ ತಂದು ಸರ್ವಧರ್ಮ ಪ್ರಾರ್ಥನೆಯಾಗಿ ಹಾಡುವ ರೂಢಿಯೂ ಬಂದಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಸದ್ಭಕ್ತರಿಗೆ ಈ ಶ್ಲೋಕದ ಭಾವ ಹೊಸದಾಗಿ ತೋರಲಾರದು. ಒಂದು ಕಡೆ ಅದೇ ತಾಲ್ಲೂಕಿನ ಶ್ರವಣಬೆಳಗೊಳ. ಬೆಂಗಳೂರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ನಡೆದರೆ ತೋಂಟದ ಸಿದ್ಧಲಿಂಗ ಯತಿಗಳ ಎಡೆಯೂರು. ಹಾಸನವನ್ನು ದಾಟಿದರೆ ಬೇಲೂರು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ. ಅರಕಲಗೂಡಿನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ಬೌದ್ಧ ಭಿಕ್ಷುಗಳ ವಿಹಾರಗಳು. ಇಷ್ಟು ನೆರೆಹೊರೆಯಿರುವವರು ‘ದೇವನೊಬ್ಬ, ನಾಮ ಹಲವು’ ಎಂದು ಸಹಜವಾಗಿಯೇ ನುಡಿಯುತ್ತಾರೆ. ಆ ನುಡಿ ಸೌಜನ್ಯದ್ದು, ಅದಕ್ಕೆ ಬೆಲೆಯಿದೆ. ಆದರೆ ಆ ಮಾಲೆಯಲ್ಲಿ ಹೆಸರಿಸಲ್ಪಟ್ಟವರನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು? ಬುದ್ಧನೆಂಬುದು ಕೇಶವನ ಇನ್ನೊಂದು ಹೆಸರೆಂದು ಬೌದ್ಧನು ಒಪ್ಪುತ್ತಿದ್ದನೇ? ಕ್ರಿಸ್ತನೆಂಬುದು ಒಂದು ನಾಮಾಂತರ ಮಾತ್ರವೆಂದು ಕ್ರೈಸ್ತನು ಒಪ್ಪುತ್ತಾನೆಯೇ? ಈ ಪ್ರಶ್ನೆ ಕೇವಲ ಪರಮತದ ವಿಚಾರವಲ್ಲ. ಇದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಅಲ್ಲಮಪ್ರಭುದೇವರ ‘ಶೂನ್ಯ’ವೂ ತಪ್ಪಾಗಿಯೇ ಅರ್ಥವಾಗುತ್ತದೆ.

ಮೊದಲು ಬೌದ್ಧರ ವಿಷಯ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬೇಲೂರಿನ ಕಲ್ಲಿನ ಮೇಲೆ ಬುದ್ಧನ ಹೆಸರು ಕೆತ್ತಲ್ಪಟ್ಟಾಗ ಕನ್ನಡ ನಾಡಿನಲ್ಲಿ ಬೌದ್ಧರು ಅತ್ಯಂತ ವಿರಳವಾಗಿದ್ದರು. ಎದುರು ನುಡಿಯುವವರಿಲ್ಲದ ಕಡೆ ಔದಾರ್ಯ ತೋರುವುದು ಸುಲಭ. ಅದಕ್ಕೆ ಮೂರು ಶತಮಾನಗಳ ಹಿಂದಿನ ಸ್ಥಿತಿ ಹಾಗಿರಲಿಲ್ಲ. ಬನವಾಸಿ ನಾಡಿನ ಬಳ್ಳಿಗಾವೆಯಲ್ಲಿ 1065ರಲ್ಲಿ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದನು. ಅಲ್ಲಿ ತಾರಾಭಗವತಿಯ ಪೂಜೆಗೂ ಭಿಕ್ಷುಗಳ ಆಹಾರಕ್ಕೂ ದತ್ತಿ ಬಿಡಲಾಗಿತ್ತು. ಬೌದ್ಧ ಉಪಾಸಕಿಯಾದ ನಾಗಿಯಕ್ಕನ ಹೆಸರೂ ಅಲ್ಲಿನ ಶಾಸನದಲ್ಲಿದೆ. ಇತ್ತ ಗದಗಿನ ಬಳಿಯ ಡಂಬಳದಲ್ಲಿ 1095ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನು ಹೇಳುತ್ತದೆ. ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರದು. 1162ರ ಶಾಸನವು ಆ ಮಠದಲ್ಲಿ ವ್ಯಾಖ್ಯಾನವಾಗುತ್ತಿದ್ದ ದರ್ಶನಗಳನ್ನು ಎಣಿಸುವಾಗ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧವನ್ನೂ ಎಣಿಸುತ್ತದೆ. ಶೈವ ಮಠದಲ್ಲಿ ಬೌದ್ಧದರ್ಶನವನ್ನು ಓದಿಸುತ್ತಿದ್ದರೆಂಬುದು ಗಮನಾರ್ಹ. ಖಂಡಿಸುವುದಕ್ಕಾಗಿಯೇ ಓದಿಸುತ್ತಿದ್ದಿರಬಹುದು, ಆದರೂ ಖಂಡಿಸಲು ಮೊದಲು ತಿಳಿಯಬೇಕಷ್ಟೆ.

ಬಳ್ಳಿಗಾವೆಯೆಂದೊಡನೆ ಶರಣರ ಮನಸ್ಸು ಎಲ್ಲಿಗೆ ಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲಮಪ್ರಭುಗಳ ಊರೆಂದು ಪರಂಪರೆ ನೆನೆಯುವುದು ಇದನ್ನೇ. ಮದ್ದಳೆ ನುಡಿಸುತ್ತಿದ್ದ ಆ ತರುಣನು ಬೆಳೆದ ಪೇಟೆಯಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದೇ ಕೂಗಳತೆಯಲ್ಲಿದ್ದವು. ‘ಶೂನ್ಯ’ವೆಂಬ ಮಾತು ಅವರ ಕಿವಿಗೆ ಬೌದ್ಧರಿಂದಲೇ ಬಿದ್ದಿತೆಂದು ಸಾಧಿಸಲು ಯಾವ ಶಾಸನವೂ ಇಲ್ಲ. ಆ ಮಾತು ನಾಥಸಿದ್ಧರಲ್ಲಿಯೂ ಶೈವಾಗಮಗಳಲ್ಲಿಯೂ ಓಡಾಡುತ್ತಿತ್ತು. ಆದರೆ ಆ ಮಾತಿಗೆ ಬೌದ್ಧರು ಕೊಟ್ಟಿದ್ದ ಅರ್ಥ ಬಳ್ಳಿಗಾವೆಯಂಥ ವಿದ್ಯಾಕೇಂದ್ರದಲ್ಲಿ ಅಪರಿಚಿತವಾಗಿತ್ತೆಂದು ನಂಬುವುದು ಕಷ್ಟ.

ಆ ಅರ್ಥವೇನು? ಭಗವಾನ್ ಬುದ್ಧನು ಜಗತ್ತಿನ ಕರ್ತನ ವಿಷಯವಾಗಿ ಉಪದೇಶಿಸಲಿಲ್ಲ. ಲೋಕವು ಶಾಶ್ವತವೋ ಅಶಾಶ್ವತವೋ, ತಥಾಗತನು ಮರಣಾನಂತರ ಇರುವನೋ ಇಲ್ಲವೋ ಎಂದು ಮಾಲುಂಕ್ಯಪುತ್ರನು ಕೇಳಿದಾಗ ಆತನು ಉತ್ತರಿಸದೆ ವಿಷದ ಬಾಣ ನೆಟ್ಟವನ ದೃಷ್ಟಾಂತವನ್ನು ಹೇಳಿದನೆಂದು ಮಜ್ಝಿಮನಿಕಾಯದಲ್ಲಿದೆ. ಬಾಣವನ್ನು ಎಸೆದವನ ಕುಲವೇನು, ಬಿಲ್ಲು ಯಾವ ಮರದ್ದು ಎಂದು ವಿಚಾರಿಸುತ್ತ ಕುಳಿತರೆ ಗಾಯಗೊಂಡವನು ಸಾಯುತ್ತಾನೆ. ಮೊದಲು ಬಾಣವನ್ನು ಕೀಳಬೇಕು. ಹೀಗೆ ಸತ್ಯವೆಂಬುದು ಬೌದ್ಧರಿಗೆ ಮೊದಲನೆಯದಾಗಿ ದುಃಖದ ನಿವೃತ್ತಿಗೆ ಸಂಬಂಧಪಟ್ಟದ್ದು. ನಾಲ್ಕು ಆರ್ಯಸತ್ಯಗಳಲ್ಲಿ ದೇವರ ಪ್ರಸ್ತಾಪವೇ ಇಲ್ಲ.

ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನಲ್ಲಿದ್ದ ಆಚಾರ್ಯ ನಾಗಾರ್ಜುನನು ಇದನ್ನು ಇನ್ನೂ ಮುಂದಕ್ಕೆ ಒಯ್ದನು. ಸತ್ಯವು ಎರಡು ಬಗೆ: ಲೋಕವ್ಯವಹಾರದ ಸಂವೃತಿಸತ್ಯ, ಪರಮಾರ್ಥಸತ್ಯ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ. ಯಾವುದೂ ತನ್ನಷ್ಟಕ್ಕೆ ತಾನೇ ಇರುವುದಿಲ್ಲ, ಎಲ್ಲವೂ ಇನ್ನೊಂದನ್ನು ಆಶ್ರಯಿಸಿ ಹುಟ್ಟುತ್ತದೆ. ಆದುದರಿಂದ ಎಲ್ಲವೂ ಸ್ವಭಾವದಿಂದ ಶೂನ್ಯ. ಇಲ್ಲಿ ಶೂನ್ಯವೆಂದರೆ ‘ಏನೂ ಇಲ್ಲ’ ಎಂದಲ್ಲ. ‘ಸ್ವತಂತ್ರವಾಗಿ ಯಾವುದೂ ಇಲ್ಲ’ ಎಂದು. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಶೂನ್ಯವನ್ನೇ ಒಂದು ವಸ್ತುವೆಂದು, ಜಗತ್ತಿಗೆ ಮೂಲವೆಂದು ಹಿಡಿದುಕೊಂಡವನನ್ನು ನಾಗಾರ್ಜುನನು ಗುಣವಾಗದ ರೋಗಿಯೆಂದು ಎಣಿಸುತ್ತಾನೆ. ಔಷಧವು ರೋಗವನ್ನು ಕಳೆದು ತಾನೂ ಹೊರಗೆ ಹೋಗಬೇಕು. ಒಳಗೇ ಉಳಿದರೆ ಅದೇ ರೋಗ. ಬೈಲಕುಪ್ಪೆಯಲ್ಲಿ ಭಿಕ್ಷುಗಳು ಅಂಗಳದಲ್ಲಿ ಕೈತಟ್ಟಿ ವಾದ ಮಾಡುವುದನ್ನು ನೋಡಿ ಪ್ರವಾಸಿಗರು ಬೆರಗಾಗುತ್ತಾರೆ. 1960ರ ದಶಕದಲ್ಲಿ ನೆಲೆಯೂರಿದ ಆ ವಸತಿಯ ಮಹಾವಿಹಾರಗಳಲ್ಲಿ ಇಂದಿಗೂ ಅಭ್ಯಾಸವಾಗುತ್ತಿರುವ ವಿಷಯಗಳಲ್ಲಿ ನಾಗಾರ್ಜುನನ ಈ ಮಾಧ್ಯಮಕ ದರ್ಶನವೂ ಒಂದು.

ಇದರ ಪಕ್ಕದಲ್ಲಿ ಶೂನ್ಯಸಂಪಾದನೆಯನ್ನು ಇಟ್ಟು ನೋಡಬೇಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಈ ಗ್ರಂಥವನ್ನು ಹಲಗೆಯಾರ್ಯರೂ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳೂ ಗೂಳೂರ ಸಿದ್ಧವೀರಣ್ಣೊಡೆಯರೂ ಮತ್ತೆ ಪರಿಷ್ಕರಿಸಿದರು. ಅದರಲ್ಲಿ ಗೋರಕ್ಷನ ಪ್ರಸಂಗ ಎಲ್ಲರಿಗೂ ಪರಿಚಿತವಾದುದು. ಯೋಗಸಾಧನೆಯಿಂದ ವಜ್ರದೇಹಿಯಾದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲೆಂದು ಸದ್ದಾಗುತ್ತದೆ. ಅಲ್ಲಮರ ಮೈಗೆ ಬೀಸಿದ ಕತ್ತಿಯು ಏನನ್ನೂ ತಾಗದೆ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿ ಮಾಡಿಕೊಳ್ಳುವುದೇ ಸಿದ್ಧಿಯೆಂದು ತಿಳಿದವನಿಗೆ, ಗಟ್ಟಿತನವೇ ಅಹಂಕಾರದ ಕೊನೆಯ ರೂಪವೆಂದು ತೋರಿಸುವ ಪ್ರಸಂಗವಿದು. ನಾಗಾರ್ಜುನನ ಅನುಯಾಯಿಯೊಬ್ಬನು ಇದನ್ನು ಕೇಳಿದರೆ ತಲೆದೂಗದೆ ಇರಲಾರ. ‘ನಾನು’ ಎಂಬ ಗಂಟು ಬಿಚ್ಚಿಹೋಗುವ ತನಕ ಬೌದ್ಧ ಭಿಕ್ಷುವೂ ಶರಣನೂ ಜೊತೆಯಾಗಿಯೇ ನಡೆಯುತ್ತಾರೆ.

ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಶರಣರಿಗೆ ಬಯಲು ಎಲ್ಲದರ ಹುಟ್ಟುನೆಲೆ. ಪಂಚಭೂತಗಳಿಲ್ಲದ, ಆದಿ ಅನಾದಿಗಳಿಲ್ಲದ ಕಾಲದಲ್ಲಿಯೂ ಇದ್ದ ನಿರವಯಶೂನ್ಯವೇ ತನ್ನ ನೆನಹುಮಾತ್ರದಿಂದ ಮಹಾಲಿಂಗವಾಯಿತೆಂದೂ, ಆ ಲಿಂಗದಿಂದಲೇ ಅಂಗವೂ ಜಗತ್ತೂ ತೋರಿತೆಂದೂ ಷಟ್‌ಸ್ಥಲ ಸಿದ್ಧಾಂತವು ಹೇಳುತ್ತದೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ನಡೆಯು ಬಂದಲ್ಲಿಗೇ ಮರಳುವ ನಡೆ. ಆ ಬಯಲಿಗೆ ಚಿತ್ತೆಂಬ ವಿಶೇಷಣವುಂಟು, ಆನಂದವೆಂಬ ವಿಶೇಷಣವುಂಟು. ಅದು ಬರಿದಲ್ಲ, ತುಂಬಿದ್ದು. ನಾಗಾರ್ಜುನನು ನಿಷೇಧಿಸಿದ್ದು ಇದನ್ನೇ: ಶೂನ್ಯವನ್ನು ಮೂಲವಸ್ತುವಾಗಿ ಕಾಣುವುದನ್ನು. ಎರಡೂ ಒಂದೇ ಎಂದರೆ ಇಬ್ಬರಿಗೂ ಅನ್ಯಾಯ. ಬೌದ್ಧರ ಶೂನ್ಯವನ್ನು ನಾಸ್ತಿಕವಾದವೆಂದು ಹಳಿಯುವುದು ಎಷ್ಟು ತಪ್ಪೋ, ಅಲ್ಲಮರನ್ನು ಪ್ರಚ್ಛನ್ನ ಬೌದ್ಧರೆಂದು ಹೊಗಳುವುದೂ ಅಷ್ಟೇ ತಪ್ಪು. ಎರಡನೆಯ ಪಕ್ಷದ ಬರಹಗಳು ಈಚೆಗೆ ಹೆಚ್ಚಾಗಿವೆ. ಅವುಗಳ ಲೇಖಕರು ಇಷ್ಟಲಿಂಗವನ್ನು ಏನು ಮಾಡುತ್ತಾರೆಂಬುದು ತಿಳಿಯದು. ಶೂನ್ಯಸಂಪಾದನೆಯ ಅಲ್ಲಮರು ಗುಹೇಶ್ವರನೆಂದು ಕರೆದು ಮಾತನಾಡುತ್ತಾರೆ. ಕರೆಸಿಕೊಳ್ಳುವವನು ಇರುವುದರಿಂದಲೇ ಆ ಮಾತಿಗೆ ಅಷ್ಟು ಕಾವು.

ಕ್ರೈಸ್ತರ ಕಥೆ ಇನ್ನೊಂದು ಬಗೆಯದು. ಇಲ್ಲಿ ಹೆಸರುಗಳ ಪ್ರಶ್ನೆ ತತ್ತ್ವದ ಪ್ರಶ್ನೆಯಾಗುವ ಮೊದಲು ಭಾಷೆಯ ಪ್ರಶ್ನೆಯಾಗಿತ್ತು. 1640ರ ದಶಕದ ಕೊನೆಯಲ್ಲಿ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯ ಕ್ರೈಸ್ತ ಮಿಷನ್ನನ್ನು ಪ್ರಾರಂಭಿಸಿದನು. ಆಗ ಆಳುತ್ತಿದ್ದವರು ರಣಧೀರ ಕಂಠೀರವ ನರಸರಾಜ ಒಡೆಯರು. ಚಿನ್ನಾಮಿಯು ಸಂನ್ಯಾಸಿಯ ವೇಷವನ್ನು ಧರಿಸಿ, ಕನ್ನಡ ಕಲಿತು, ಕನ್ನಡದ ವ್ಯಾಕರಣವನ್ನೂ ನಿಘಂಟನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದನು. ತನ್ನ ದೇವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಮುಂದೆ ಕನ್ನಡ ಕೆಥೋಲಿಕರಲ್ಲಿ ನೆಲೆನಿಂತ ಮಾತುಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ: ದೇವರು ‘ಸರ್ವೇಶ್ವರ’, ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ‘ಪರಮಪ್ರಸಾದ’, ಪೂಜಾರಿ ‘ಗುರು’, ‘ಸ್ವಾಮಿ’. ಪ್ರಾಟೆಸ್ಟಂಟರು ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಪೂರ್ಣ ಬೈಬಲನ್ನು ಕನ್ನಡಕ್ಕೆ ತಂದರು. ಕನ್ನಡ ಬೈಬಲಿನಲ್ಲಿ ಪ್ರಭುವಿಗೆ ‘ಕರ್ತ’ ಎಂಬ ಮಾತು ರೂಢಿಯಾಯಿತು. ಬೇಲೂರಿನ ಶ್ಲೋಕದಲ್ಲಿ ನೈಯಾಯಿಕರಿಗೆ ಸೇರಿದ್ದ ಹೆಸರಿದು. ವಚನಗಳಲ್ಲಿಯೂ ಮೇಲಿಂದ ಮೇಲೆ ಬರುವ ಮಾತು. ಗುರು, ಸರ್ವೇಶ್ವರ, ಪ್ರಸಾದ, ಕರ್ತ: ಲಿಂಗಾಯತ ಮನೆಯೊಳಗಿನ ಮಾತುಗಳೇ ಇಗರ್ಜಿಗೂ ನಡೆದುಹೋದವು. ಇದನ್ನು ಕಳ್ಳತನವೆಂದು ಕೆಲವರು ಆಕ್ಷೇಪಿಸುವುದುಂಟು. ಮಾತು ನಾಡಿನ ಸೊತ್ತು. ಶರಣರೂ ಲಿಂಗ, ಜಂಗಮ, ಪ್ರಸಾದ ಎಂಬ ಮಾತುಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ. ಇದ್ದ ಮಾತುಗಳಿಗೆ ಹೊಸ ಬಾಳನ್ನು ಕೊಟ್ಟರು. ಕೇಳಬೇಕಾದ ಪ್ರಶ್ನೆ ಬೇರೆ: ಮಾತು ಅಲ್ಲಿಗೆ ಹೋದ ಮೇಲೆ ಅರ್ಥ ಏನಾಯಿತು?

ಯೋಹಾನನು ಬರೆದ ಸುವಾರ್ತೆಯ ಆರಂಭದಲ್ಲಿ ಗ್ರೀಕಿನ ‘ಲೋಗೋಸ್’ ಎಂಬ ಪದವಿದೆ. ಲೋಕವನ್ನು ಧಾರಣ ಮಾಡಿರುವ ಅರಿವು, ನುಡಿ, ನಿಯಮ ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಗಿವೆ. ಕನ್ನಡ ಅನುವಾದಕರು ಅದಕ್ಕೆ ‘ವಾಕ್ಯ’ ಎಂದರು. ಆ ವಾಕ್ಯವೇ ದೇವರೆಂದೂ, ಅದೇ ಮಾಂಸದೇಹವನ್ನು ಧರಿಸಿ ಮನುಷ್ಯರ ನಡುವೆ ವಾಸ ಮಾಡಿತೆಂದೂ ಸುವಾರ್ತೆಯ ಮತ. ಅದೇ ಸುವಾರ್ತೆಯಲ್ಲಿ ಯೇಸುವು ಸತ್ಯವನ್ನು ಬೋಧಿಸುವೆನೆಂದು ಹೇಳಿ ನಿಲ್ಲುವುದಿಲ್ಲ. ತಾನೇ ಸತ್ಯವೆಂದು ಹೇಳಿಕೊಳ್ಳುತ್ತಾನೆ. ರೋಮನ್ ಅಧಿಕಾರಿ ಪಿಲಾತನು ವಿಚಾರಣೆಯ ಹೊತ್ತಿನಲ್ಲಿ ಸತ್ಯವೆಂದರೇನೆಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋಗುತ್ತಾನೆ. ಉತ್ತರವು ಎದುರಿಗೇ ನಿಂತಿತ್ತೆಂಬುದು ಕ್ರೈಸ್ತರ ವ್ಯಾಖ್ಯಾನ. ಬುದ್ಧನ ಮೌನಕ್ಕೂ ಈ ಮೌನಕ್ಕೂ ಎಷ್ಟು ಅಂತರ! ಅಲ್ಲಿ ಪ್ರಶ್ನೆಯೇ ದುಃಖನಿವಾರಣೆಗೆ ಉಪಯುಕ್ತವಲ್ಲವೆಂಬ ಮೌನ. ಇಲ್ಲಿ ಉತ್ತರವು ಮಾತಲ್ಲ, ವ್ಯಕ್ತಿಯೆಂಬ ಮೌನ.

ಎರಡು ಮತಗಳ ಭೇದವನ್ನು ಇನ್ನೂ ಸ್ಪಷ್ಟವಾಗಿ ತಿಳಿಯಲು ಒಂದು ಉಪಾಯವಿದೆ. ಉಪದೇಶಿಸಿದವನು ಹುಟ್ಟದೇ ಇದ್ದಿದ್ದರೆ ಸತ್ಯವು ಏನಾಗುತ್ತಿತ್ತು? ಬುದ್ಧರು ಹುಟ್ಟಲಿ, ಹುಟ್ಟದಿರಲಿ, ಧರ್ಮದ ನಿಯಮವು ಇದ್ದಂತೆಯೇ ಇರುತ್ತದೆಂದು ಪಾಲಿ ನಿಕಾಯಗಳು ಹೇಳುತ್ತವೆ. ಬುದ್ಧನು ಅದನ್ನು ಕಂಡವನು, ತೋರಿಸಿದವನು, ಉಂಟುಮಾಡಿದವನಲ್ಲ. ಕ್ರೈಸ್ತರಲ್ಲಿ ಸಂತ ಪೌಲನು ಇದಕ್ಕೆ ತೀರ ವಿರುದ್ಧವಾದುದನ್ನು ಬರೆದಿದ್ದಾನೆ: ಕ್ರಿಸ್ತನು ಸತ್ತು ಎದ್ದುದು ನಿಜವಲ್ಲದಿದ್ದರೆ ನಂಬಿಕೆಯೆಲ್ಲ ವ್ಯರ್ಥ. ಅವರ ಪರಮಸತ್ಯವು ಒಂದು ದಿನ, ಒಂದು ಊರಿನಲ್ಲಿ ನಡೆದ ಘಟನೆಯನ್ನು ಹೊಂದಿಕೊಂಡಿದೆ. 325ರಲ್ಲಿ ನೈಸಿಯದಲ್ಲಿ ರೂಪುಗೊಂಡು 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ವಿಸ್ತಾರಗೊಂಡ ವಿಶ್ವಾಸಪ್ರಮಾಣದಲ್ಲಿ ಪಿಲಾತನ ಹೆಸರೂ ಸೇರಿದೆ. ಪರತತ್ತ್ವವನ್ನು ಹೇಳುವ ಮಂತ್ರದಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ಹೆಸರು! ಇದು ಇತಿಹಾಸದಲ್ಲಿ ನಡೆದದ್ದು, ಪುರಾಣವಲ್ಲ ಎಂದು ಸಾರುವುದಕ್ಕಾಗಿಯೇ ಆ ಹೆಸರು ಅಲ್ಲಿದೆ. ಹೀಗಿರುವಾಗ ಕ್ರಿಸ್ತನ ಹೆಸರನ್ನು ಬೇಲೂರಿನ ಶ್ಲೋಕಕ್ಕೆ ಪೋಣಿಸಿದರೆ ಕ್ರೈಸ್ತನಿಗೆ ಗೌರವ ತೋರಿಸಿದಂತಾಗುವುದಿಲ್ಲ. ಆತನು ಪ್ರಾಣದಂತೆ ಹಿಡಿದುಕೊಂಡಿರುವುದನ್ನೇ ನಯವಾಗಿ ಬದಿಗೆ ಸರಿಸಿದಂತಾಗುತ್ತದೆ.

ಶರಣಧರ್ಮವು ಈ ಪ್ರಶ್ನೆಗೆ ಏನು ಹೇಳುತ್ತದೆ? ಬಸವಣ್ಣನವರಿಲ್ಲದೆ ಲಿಂಗಾಯತ ಧರ್ಮವನ್ನು ಭಾವಿಸಲಾಗದು. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರು ತೆತ್ತ ಬೆಲೆಯನ್ನು ಮರೆತು ಯಾವ ಭಕ್ತನೂ ಕಲ್ಯಾಣವೆನ್ನಲಾರ. ಆದರೂ ಆ ಬಲಿದಾನದಿಂದ ಸತ್ಯವು ಸತ್ಯವಾಯಿತೆಂದು ಶರಣರು ಹೇಳುವುದಿಲ್ಲ. ಹುಟ್ಟುಸಾವಿಗೆ ಒಳಗಾದವನು ಪರಶಿವನಲ್ಲವೆಂಬುದು ಅವರ ದೃಢವಾದ ನಿಲುವು. ಅವತಾರವಾದವನ್ನು ಅವರು ಒಪ್ಪಲಿಲ್ಲ. ಈ ಅಂಶದಲ್ಲಿ ಅವರು ಕ್ರೈಸ್ತರಿಗೆ ದೂರ. ಆದರೆ ಪರತತ್ತ್ವಕ್ಕೆ ಮುಖವಿದೆ, ಅದು ಕರೆದರೆ ಓಗೊಡುತ್ತದೆ, ಅದರ ಕರುಣೆಯಿಲ್ಲದೆ ಸ್ವಪ್ರಯತ್ನ ಸಾಲದು ಎನ್ನುವಲ್ಲಿ ಬೌದ್ಧರಿಗಿಂತ ಕ್ರೈಸ್ತರಿಗೆ ಹತ್ತಿರ. ಪ್ರಸಾದವೆಂಬ ಮಾತು ಇಗರ್ಜಿಗೆ ಹೋಗಿ ಸುಲಭವಾಗಿ ಹೊಂದಿಕೊಂಡದ್ದು ಇದರಿಂದಲೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಮತ್ತೆ ಭೇದ: ಕ್ರೈಸ್ತರ ಮುಖ್ಯ ಪರಂಪರೆಯಲ್ಲಿ ಸೃಷ್ಟಿಕರ್ತನೂ ಸೃಷ್ಟಿಯೂ ಎಂದೆಂದಿಗೂ ಎರಡೇ, ಮುಕ್ತನಾದ ಮೇಲೆಯೂ ಜೀವನು ದೇವರನ್ನು ಎದುರಿನಲ್ಲಿ ಕಾಣುತ್ತಾನೆ. ಲಿಂಗಾಂಗ ಸಾಮರಸ್ಯದಲ್ಲಿ ಕಾಣುವವನು, ಕಾಣಿಸುವವನು ಎಂಬ ಎರಡು ಉಳಿಯುವುದಿಲ್ಲ.

ಆ ಪರಂಪರೆಯ ಒಳಗೂ ಎಲ್ಲೆಯನ್ನು ದಾಟಿ ನುಡಿದವರಿದ್ದರು. ಜರ್ಮನಿಯ ಮೈಸ್ಟರ್ ಎಕಾರ್ಟನು, ಪೂಜಿಸಲ್ಪಡುವ ದೇವರ ಆಚೆಗೆ ಹೆಸರಿಲ್ಲದ, ಮರುಭೂಮಿಯಂತೆ ನಿಶ್ಶಬ್ದವಾದ ದೇವತ್ವದ ನೆಲೆಯೊಂದಿದೆಯೆಂದೂ ಜೀವನ ನೆಲೆಯೂ ಅದೇ ಎಂದೂ ಉಪದೇಶಿಸಿದನು. ಬಯಲನ್ನು ಬಲ್ಲವರಿಗೆ ಇದು ತೀರ ಪರಿಚಿತವಾದ ದನಿಯೆನ್ನಿಸುತ್ತದೆ. ಆತನು ತೀರಿಕೊಂಡ ಮೇಲೆ, 1329ರಲ್ಲಿ, ಇಪ್ಪತ್ತೆರಡನೆಯ ಜಾನ್ ಪೋಪರು ಆತನ ಇಪ್ಪತ್ತೆಂಟು ಪ್ರತಿಜ್ಞೆಗಳನ್ನು ಎತ್ತಿ ಕೆಲವನ್ನು ಪಾಷಂಡವೆಂದೂ ಕೆಲವನ್ನು ಶಂಕಾಸ್ಪದವೆಂದೂ ಖಂಡಿಸಿದರು. ಬೇಲೂರಿನ ಶಾಸನವೂ ಅದೇ ಶತಮಾನದ್ದೆಂಬುದು ಕುತೂಹಲಕರ. ಅಲ್ಲಿ ಹೆಸರಿನ ಆಚೆಗೆ ಹೋದವನಿಗೆ ಶಿಕ್ಷೆಯಾದ ಕಾಲದಲ್ಲಿಯೇ ಇಲ್ಲಿ ಎಲ್ಲ ಹೆಸರುಗಳನ್ನೂ ಕೂಡಿಸಿ ಮಂಗಳ ಹಾಡಿದರು. ಆದರೆ ಇದರಿಂದ ಮೀಸೆ ತಿರುವುವ ಮೊದಲು ಸ್ವಲ್ಪ ತಡೆಯಬೇಕು.

ಮೈಸೂರು ಸೀಮೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದ ಫ್ರೆಂಚ್ ಪಾದ್ರಿ ಅಬೆ ದುಬ್ವಾ, ಜನರಂತೆಯೇ ಉಟ್ಟು, ಅವರಂತೆಯೇ ಉಂಡು, ಸಿಡುಬಿನ ಲಸಿಕೆ ಹಾಕಿಸುವುದರಲ್ಲಿಯೂ ಶ್ರಮಿಸಿದವನು. ಆತನು 1823ರಲ್ಲಿ ಹಿಂತಿರುಗಿ ಹೋದ ವರ್ಷವೇ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಕೆಲಸವೆಂದು ಕೈಚೆಲ್ಲಿದನು. ಅಷ್ಟು ಕಾಲ ಜೊತೆಗಿದ್ದರೂ ಜನರ ಒಳಗಿನ ಅನುಭಾವವು ಆತನಿಗೆ ಕಾಣಲಿಲ್ಲ. ಆಚಾರ ಮಾತ್ರ ಕಂಡಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗರು 1850ರ ಸುಮಾರಿನಲ್ಲಿ ಕಲ್ಲಚ್ಚಿನಲ್ಲಿ ಬಸವಪುರಾಣವನ್ನು ಅಚ್ಚು ಹಾಕಿಸಿದರು. ವ್ಯೂರ್ತ್ ಅವರು ಅದರ ಸಾರವನ್ನು ಇಂಗ್ಲಿಷಿನಲ್ಲಿ ಬರೆದರು. ಅವರಿಗೆ ದೊರೆತದ್ದು ಪುರಾಣ. ವಚನಗಳು ಆಗಿನ್ನೂ ಓಲೆಯ ಕಟ್ಟುಗಳಲ್ಲಿ, ಮಠಗಳ ಅಟ್ಟಗಳ ಮೇಲೆ ಇದ್ದವು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಹೊರಬಂದದ್ದು 1923ರಲ್ಲಿ. ಅಷ್ಟು ದಿನ ವಚನಗಳನ್ನು ಹೊರಗೆ ತೋರಿಸದೆ ಇಟ್ಟವರು ಲಿಂಗಾಯತರೇ ಎಂಬುದನ್ನು ಮರೆತು ಪಾದ್ರಿಗಳನ್ನು ದೂಷಿಸುವುದು ನ್ಯಾಯವಲ್ಲ.

ವಚನಗಳು ಹೊರಬಂದ ಮೇಲೆ ಅವನ್ನು ಗಂಭೀರವಾಗಿ ಓದಿದ ಕ್ರೈ‌ಸ್ತರಲ್ಲಿ ಅಗ್ರಗಣ್ಯರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962). ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಬಾಳಿದ ಇವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಪುಸ್ತಕದ ಹೆಸರೇ ಅವರ ಮನೋಧರ್ಮವನ್ನು ಹೇಳುತ್ತದೆ: ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ಅನುಭವಮಂಟಪವೆಂಬುದು ನಿಜವಾಗಿಯೂ ಇತ್ತೇ ಎಂದು ಪಂಡಿತರು ಸಂದೇಹಪಟ್ಟಾಗ, ಅದು ಐತಿಹಾಸಿಕವೆಂದು ಆಧಾರಗಳನ್ನು ಕಲೆಹಾಕಿ 1951ರಲ್ಲಿ ‘ಅನುಭವಮಂಟಪದ ಐತಿಹಾಸಿಕತೆ’ಯನ್ನು ಬರೆದವರೂ ಇವರೇ. ಕನ್ನಡಿಗರು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಇವರಿಗೆ ಒಪ್ಪಿಸಿದ್ದರು. ಗಮನಿಸಬೇಕಾದುದೇನೆಂದರೆ, ಉತ್ತಂಗಿಯವರು ಕ್ರಿಸ್ತನನ್ನು ಬಿಡಲಿಲ್ಲ. ಕ್ರಿಸ್ತನೂ ಕೂಡಲಸಂಗಮದೇವನೂ ಒಂದೇ ಎಂದು ಹೇಳಿ ಸುಲಭವಾಗಿ ಕೈ ತೊಳೆದುಕೊಳ್ಳಲಿಲ್ಲ. ತನಗೆ ಕೊನೆಯ ಸತ್ಯವೆನಿಸಿದ್ದನ್ನು ಹಿಡಿದುಕೊಂಡೇ, ನೆರೆಮನೆಯವರ ಅನುಭಾವಸಂಪತ್ತು ಸುಳ್ಳೆಂಬ ಅಪವಾದಕ್ಕೆ ಗುರಿಯಾಗಬಾರದೆಂದು ದುಡಿದರು. ಬೇಲೂರಿನ ಶ್ಲೋಕದಲ್ಲಿರುವ ಔದಾರ್ಯಕ್ಕಿಂತ ಇದು ಕಷ್ಟದ ಔದಾರ್ಯ.

ಏಕೆಂದರೆ ಆ ಶ್ಲೋಕದ ಕೊನೆಯಲ್ಲಿ ಒಂದು ಮುದ್ರೆಯಿದೆ. ಆರು ಹೆಸರುಗಳನ್ನು ಎಣಿಸಿ ಎಲ್ಲವೂ ಕೇಶವನೇ ಎಂದು ಮುಗಿಸುವಾಗ, ಶೈವರ ಶಿವನ ಮೇಲೂ ಬೌದ್ಧರ ಬುದ್ಧನ ಮೇಲೂ ಕೇಶವನ ಮುದ್ರೆ ಬೀಳುತ್ತದೆ. ಅದನ್ನು ಬರೆಸಿದವರು ವೈಷ್ಣವರಾದ್ದರಿಂದ ಹಾಗಾಯಿತೆಂದು ಲಿಂಗಾಯತರು ಮುಗುಳ್ನಗುವಂತಿಲ್ಲ. ಬೇಲೂರಿಗೆ ಸಮೀಪದ ಹಳೇಬೀಡಿನಲ್ಲಿಯೇ ಅದಕ್ಕೆ ಉತ್ತರವಿದೆ. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬ ವೀರಶೈವರು ಲಿಂಗಮುದ್ರೆಯನ್ನು ಹಾಕಿದರು. ಪರಮಸತ್ಯವು ಒಂದೇ ಆದರೆ, ಅದು ಲಿಂಗವೇ ಆದರೆ, ಬಸದಿಯ ಕಂಬದ ಮೇಲೆ ಲಿಂಗವಿದ್ದರೆ ತಪ್ಪೇನೆಂದು ಅವರಿಗೆ ತೋರಿದ್ದಿರಬಹುದು. ಜೈನನಾದ ವಿಜಯಪ್ಪನು ಆ ಮುದ್ರೆಯನ್ನು ಅಳಿಸಿಹಾಕಿದನು. ವಿವಾದವೆದ್ದಿತು. ಆಗ ಹಳೇಬೀಡಿನ ಮಹಾಮಹತ್ತಿನ ಪ್ರಮುಖರೂ ಜೈನ ಸೆಟ್ಟಿಗಳೂ ಕೂಡಿ ಕುಳಿತು ತೀರ್ಮಾನಿಸಿದ್ದನ್ನು 1638ರ ಶಾಸನವು ಹೇಳುತ್ತದೆ. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಬೇಕು. ಆಮೇಲೆ ತಮ್ಮ ಪಾರ್ಶ್ವನಾಥನ ಪೂಜೆ, ಅಂಗರಂಗವೈಭವ, ದೀಪಾರಾಧನೆಗಳನ್ನು ಹಿಂದಿನಿಂದ ನಡೆದುಬಂದಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಬರಬೇಕು. ಮೊದಲ ಷರತ್ತಿನಲ್ಲಿ ಬಲವಿದ್ದವರ ಕೈ ಮೇಲಿರುವುದು ಕಾಣದೇ ಇಲ್ಲ. ಆದರೆ ಎರಡನೆಯ ಮಾತಿಗೆ ವೀರಶೈವ ಪ್ರಮುಖರು ಹಾಕಿಕೊಂಡ ಶಾಪವನ್ನು ಓದಬೇಕು: ಈ ಜಿನಪೂಜೆಗೆ ಅಡ್ಡಿಪಡಿಸಿದವನು ಮಹಾಮಹತ್ತಿಗೆ ಹೊರಗು, ಅವನು ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗೆ ದ್ರೋಹಿ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿ.